ಹಾಯಿ ಕಾಣದ ಹೊಳೆ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಬಳಿ ಹೊಳೆಗೆ ಇಳಿದರೆ ಎದುರಿಗೆ ಕಾಣುವುದು ಸಣ್ಣ ನೀರಲ್ಲ. ಕೊಡಗಿನಿಂದ ಬಂದ ಕಾವೇರಿ, ವಯನಾಡಿನಿಂದ ಬಂದ ಕಪಿಲೆ ಅಥವಾ ಕಬಿನಿ, ಎರಡೂ ಇಲ್ಲಿ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಲೆಕ್ಕಕ್ಕೆ ಸೇರಿಸಿ ಜನ ಇದನ್ನು ತ್ರಿವೇಣಿ ಸಂಗಮ ಎನ್ನುತ್ತಾರೆ. ಆಚೆ ದಡದಲ್ಲಿ ಅಗಸ್ತ್ಯೇಶ್ವರ, ನೀರಿನ ಮಧ್ಯೆ ನಡುಹೊಳೆ ಬಸವೇಶ್ವರ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ. ಈಚೆಗೆ 2025ರ ಫೆಬ್ರುವರಿಯಲ್ಲಿ ನಡೆಯಿತು. ಇಷ್ಟು ನೀರಿದೆ, ದಡದ ಉದ್ದಕ್ಕೂ ಹಳೆಯ ಊರುಗಳಿವೆ, ಊರೂರಿಗೆ ಬೆಸ್ತರ ಕೇರಿಗಳಿವೆ. ಆದರೂ ಈ ಹೊಳೆಯ ಕತೆಯಲ್ಲಿ ಹಾಯಿದೋಣಿಯ ಮಾತೇ ಬರುವುದಿಲ್ಲ. ಬರುವುದೆಲ್ಲ ತೆಪ್ಪ, ಹರಿಗೋಲು, ಸಂಗಡ.

ಕರ್ನಾಟಕದ ಹಾಯಿದೋಣಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಂಗಳೂರಿನಿಂದಲೋ ಕಾರವಾರದಿಂದಲೋ ಶುರುಮಾಡುತ್ತಾರೆ. ನನಗೆ ನಂಜನಗೂಡು, ನರಸೀಪುರಗಳಿಂದಲೇ ಹೊರಡುವುದು ಸರಿ ಎನಿಸುತ್ತದೆ. ದೋಣಿಗೆ ಯಾವ ಹಾಯಿ ಕಟ್ಟಬೇಕು, ಅದರ ಹಗ್ಗವನ್ನು ಎಲ್ಲಿಗೆ ಬಿಗಿಯಬೇಕು ಎಂದು ಇವತ್ತಿನ ವಿಹಾರ ನಾವಿಕರು ತಲೆಕೆಡಿಸಿಕೊಳ್ಳುತ್ತಾರಲ್ಲ, ಆ ತೊಡಕನ್ನು ಬುಡದಿಂದ ಬಿಡಿಸಿಕೊಳ್ಳಲು ಹಾಯಿಯೇ ಇಲ್ಲದ ದೋಣಿಯನ್ನು ಒಮ್ಮೆ ಚೆನ್ನಾಗಿ ನೋಡಬೇಕು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಹೊಳೆ ದಾಟುವ ದೋಣಿಗಳನ್ನು ಕಂಡು ಬರೆದಿದ್ದಾನೆ. ಬುಟ್ಟಿಯ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕೆಂದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು. ಈ ದೋಣಿಗಳು ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ. ರಾಜ್ಯದಲ್ಲಿ ಹೊಳೆ ಇರುವ ಕಡೆಯಲ್ಲೆಲ್ಲ ಇವುಗಳನ್ನು ಬಿಟ್ಟರೆ ಬೇರೆ ದೋಣಿಯೇ ಇಲ್ಲ ಎಂದೂ ಬರೆದ. ಅವನು ಬಂದದ್ದು ಕಡಲ ನಾಡಿನಿಂದ, ಕಡಲ ದಾರಿಯಲ್ಲಿ. ಹಾಯಿ ಇಲ್ಲದ ರಾಜ್ಯ ಅವನಿಗೆ ವಿಚಿತ್ರವಾಗಿ ಕಂಡಿರಬೇಕು. ತುಂಗಭದ್ರೆಗೆ ಅವನು ಹೇಳಿದ್ದು ಕಪಿಲೆ, ಕಾವೇರಿಗಳಿಗೂ ಹೆಚ್ಚುಕಡಿಮೆ ಒಪ್ಪುತ್ತದೆ.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1897ರಲ್ಲಿ ಪರಿಷ್ಕೃತವಾಗಿ ಬಂತು. ಸಂಸ್ಥಾನದ ನದಿಗಳಲ್ಲಿ ದೋಣಿ ಸಂಚಾರ ಸಾಧ್ಯವಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಕೆಲವು ಕಡೆ ಬಂಡೆ, ಉಳಿದ ಕಡೆ ಆಳವಿಲ್ಲ. ತುಂಗಾ, ಭದ್ರಾ, ಕಬಿನಿಗಳಲ್ಲಿ ಮಳೆಗಾಲದ ನೀರಿಗೆ ಮರದ ದಿಮ್ಮಿ ತೇಲಿಬಿಡುತ್ತಿದ್ದರು, ಅಷ್ಟೆ. ಇದಕ್ಕೆ ನಾನು ಇನ್ನೊಂದು ಕಾರಣ ಸೇರಿಸುತ್ತೇನೆ. ಈ ಸೀಮೆಯವರು ಹೊಳೆಯನ್ನು ದಾರಿ ಮಾಡಿಕೊಳ್ಳುವುದಕ್ಕಿಂತ ಮೊದಲೇ ಕಾಲುವೆ ಮಾಡಿಕೊಂಡರು. ಕಪಿಲೆಗೆ ಹುಲ್ಲಹಳ್ಳಿಯ ಅಣೆ, ರಾಂಪುರದ ಅಣೆ; ಕಾವೇರಿಗೆ ತಲಕಾಡಿನ ಬಳಿ ವಿಜಯನಗರ ಕಾಲದ ಮಾಧವಮಂತ್ರಿ ಅಣೆ. ನೀರನ್ನು ಅಡ್ಡಗಟ್ಟಿ ಗದ್ದೆಗೆ ತಿರುಗಿಸಿದ ಮೇಲೆ ಸರಕು ತುಂಬಿದ ದೋಣಿ ಊರಿಂದೂರಿಗೆ ಹೋಗುವುದೆಲ್ಲಿ? ಸಂಗಮದಿಂದ ಕೆಳಕ್ಕೆ ಹೋದರೂ ಶಿವನಸಮುದ್ರದಲ್ಲಿ ಹೊಳೆಯೇ ಪ್ರಪಾತಕ್ಕೆ ಬೀಳುತ್ತದೆ. ಹಾಗಾಗಿ ಇಲ್ಲಿಯವರಿಗೆ ದೋಣಿಯಿಂದ ಬೇಕಾಗಿದ್ದದ್ದು ಒಂದೇ ಕೆಲಸ: ಈ ದಡದಿಂದ ಆ ದಡಕ್ಕೆ. ಅರ್ಧ ಗಳಿಗೆಯ ಪಯಣಕ್ಕೆ ಕಂಬ ನೆಟ್ಟು ಬಟ್ಟೆ ಬಿಚ್ಚುವವರು ಯಾರು?

ಹರಿಗೋಲು ಕಟ್ಟುವುದನ್ನು ಹತ್ತಿರದಿಂದ ನೋಡಿದರೆ ಈ ಕೆಲಸಕ್ಕೆ ಅದು ಎಷ್ಟು ಒಪ್ಪುತ್ತದೆ ಎಂಬುದು ತಿಳಿಯುತ್ತದೆ. ಬಲಿತ ಬಿದಿರನ್ನು ಸೀಳಿ ದಬ್ಬೆ ಮಾಡಿಕೊಳ್ಳುತ್ತಾರೆ. ಸಮ ನೆಲದ ಮೇಲೆ ದಬ್ಬೆಗಳನ್ನು ಅಡ್ಡಡ್ಡ ಉದ್ದುದ್ದ ಹಾಸಿ ನಡುವಿನಿಂದ ಹೊರಕ್ಕೆ ಹೆಣೆಯುತ್ತ ಹೋಗುತ್ತಾರೆ. ತಳದಷ್ಟು ಅಗಲ ಬಂದ ಮೇಲೆ ಅದರ ಮೇಲೆ ಕಲ್ಲು ಹೇರುತ್ತಾರೆ. ಇಲ್ಲದಿದ್ದರೆ ಅಂಚನ್ನು ಬಾಗಿಸುವಾಗ ತಳವೂ ಮೇಲೇಳುತ್ತದೆ. ಆಮೇಲೆ ಹೊರಗೆ ಉಳಿದ ದಬ್ಬೆಯ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತಲೂ ಬಳೆ ಹೆಣೆದು, ಬಾಯಿಯ ಅಂಚಿಗೆ ಹಲವು ದಬ್ಬೆ ಸೇರಿಸಿ ದಪ್ಪಗೆ ಬಿಗಿಯುತ್ತಾರೆ. ದೋಣಿಯ ಶಕ್ತಿಯೆಲ್ಲ ಆ ಅಂಚಿನಲ್ಲಿದೆ. ಮೊದಲು ಹೊರಗೆ ಹೊದಿಸುತ್ತಿದ್ದದ್ದು ಎತ್ತು, ಎಮ್ಮೆಗಳ ತೊಗಲು. ಆಮೇಲೆ ಟಾರ್ಪಾಲು ಬಂತು. ಅದರ ಬೆನ್ನಿಗೆ ಹೊಲಿದ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ, ಮೇಲೆ ಕಾಯಿಸಿದ ಡಾಂಬರು. ಮೊಳೆ ಇಲ್ಲ, ಹಲಗೆ ಇಲ್ಲ. ಮುಗಿದ ಹರಿಗೋಲನ್ನು ಒಬ್ಬನೇ ಬೆನ್ನ ಮೇಲೆ ಮಗುಚಿಕೊಂಡು ದಡದ ಮೇಲೆ ನಡೆಯಬಲ್ಲ. ದೂರದಿಂದ ನೋಡಿದರೆ ದೊಡ್ಡದೊಂದು ಆಮೆ ಎರಡು ಕಾಲಿನ ಮೇಲೆ ಹೊರಟಂತಿರುತ್ತದೆ.

ತಳ ಚಪ್ಪಟೆಯಾದ್ದರಿಂದ ಮೊಣಕಾಲು ನೀರಿನಲ್ಲೂ ಹರಿಗೋಲು ತೇಲುತ್ತದೆ. ಬಂಡೆಗೆ ತಗುಲಿದರೆ ಒಡೆಯುವುದಿಲ್ಲ; ಬಾಗಿ, ಜಾರಿ, ಮುಂದಕ್ಕೆ ಹೋಗುತ್ತದೆ. ಹುಟ್ಟು ಹಾಕುವ ರೀತಿ ಬೇರೆ ದೋಣಿಗಳಂತಲ್ಲ. ಅಂಬಿಗ ತಾನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಅಂಚಿನ ಹತ್ತಿರ ಕೂತು, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಎಳೆತ ಒಂದು ಪಕ್ಕಕ್ಕೆ ಹೆಚ್ಚಾದರೆ ದೋಣಿ ಗಿರ್ರನೆ ತಿರುಗುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ ಎಂದು ಸರಿದೂಗಿಸುವುದೇ ಕಸಬು. ತುಂಬಿದ ಹೊಳೆಯಲ್ಲಾದರೆ ಆಚೆ ದಡದಲ್ಲಿ ಸೇರಬೇಕಾದ ಜಾಗಕ್ಕಿಂತ ಸಾಕಷ್ಟು ಮೇಲಿನಿಂದ ಹೊರಟು, ಸೆಳವು ಇಳಿಸಿದಷ್ಟು ಇಳಿಯಲು ಬಿಡುತ್ತಾರೆ.

ಈಗ ಈ ದೋಣಿಗೆ ಹಾಯಿ ಕಟ್ಟಿ ನೋಡಿ. ಗಾಳಿ ಬೀಸಿದ ಕಡೆಗೆ ಅದು ಜಾರಿಕೊಂಡು ಹೋಗುತ್ತದೆ, ಅಷ್ಟೆ. ಹಾಯಿದೋಣಿ ಗಾಳಿಗೆ ಓರೆಯಾಗಿ ಹೋಗಬೇಕಾದರೆ ಪಕ್ಕಕ್ಕೆ ಜಾರದಂತೆ ನೀರೊಳಗೆ ಏನಾದರೂ ಅಡ್ಡ ನಿಲ್ಲಬೇಕು. ಉದ್ದನೆಯ ಒಡಲು, ತಳದಲ್ಲಿ ಕೀಲ್. ಹರಿಗೋಲಿಗೆ ಎರಡೂ ಇಲ್ಲ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳ ಪಾಡು ಇನ್ನೂ ಕಷ್ಟ. ಕಂಬದ ತುದಿಯಿಂದ ಮೂತಿಗೆ ಒಂದು, ಹಿಂದಕ್ಕೆ ಒಂದು, ಎರಡು ಪಕ್ಕಕ್ಕೆ ಎರಡು: ಇವೇ ನಾವಿಕರು ಸ್ಟೇ, ಶ್ರೌಡ್ ಎನ್ನುವ ಬಿಗಿಹಗ್ಗಗಳು. ಗುಂಡಗಿರುವ ದೋಣಿಗೆ ಮೂತಿ ಯಾವುದು? ಈ ಕ್ಷಣ ಮುಂದಿದ್ದ ಅಂಚು ಮರುಕ್ಷಣ ಹಿಂದಿರುತ್ತದೆ. ಕಂಬದಿಂದ ಮೂತಿಯ ಕಡೆಗೆ ಕಟ್ಟುವ ಮುಂದಿನ ಹಾಯಿಯ ಚರಿತ್ರೆ ಎಂದರೆ ಒಂದರ್ಥದಲ್ಲಿ ದೋಣಿಗೆ ಮೂತಿ ಬಂದ ಚರಿತ್ರೆ.

ಹೊಳೆಯವರಿಗೆ ಉದ್ದದ ದೋಣಿ ಗೊತ್ತೇ ಇರಲಿಲ್ಲ ಎಂದಲ್ಲ. ಗೆಜೆಟಿಯರ್ ಹೇಳುವ ಸಂಗಡ ಎರಡು ಮರದ ದೋಣಿಗಳನ್ನು ಜೊತೆಗೆ ಕಟ್ಟಿ ಮೇಲೆ ಅಟ್ಟಣೆ ಹಾಕಿದ್ದು; ಗಾಡಿಗಳನ್ನು ದಾಟಿಸುವುದು ಅದರ ಕೆಲಸ. ಅದನ್ನು ನಡೆಸುತ್ತಿದ್ದವರು ಅಂಬಿಗರು, ತೊರೆಯರು; ನಡೆಸುವ ಸಾಧನ ಉದ್ದನೆಯ ಬಿದಿರ ಗಳ. ಇದಕ್ಕೆ ಮುಂದು ಹಿಂದು ಎರಡೂ ಇದ್ದವು, ಅಗಲವೂ ಇತ್ತು. ಬಯಸಿದ್ದರೆ ಕಂಬ ನೆಡಬಹುದಿತ್ತು. ನೆಡಲಿಲ್ಲ. ನೆಲ ಮುಟ್ಟುವ ಗಳ ಇರುವಾಗ ಗಾಳಿಯ ಋಣ ಯಾಕೆ ಎಂದು ಬಿಟ್ಟರೆಂದು ಕಾಣುತ್ತದೆ. ನಂಜನಗೂಡಿನಲ್ಲಿ ದೊಡ್ಡಜಾತ್ರೆಯ ಪಂಚರಥೋತ್ಸವ ಮುಗಿದ ಮೇಲೆ ಶ್ರೀಕಂಠೇಶ್ವರನಿಗೆ ಕಪಿಲೆಯಲ್ಲಿ ತೆಪ್ಪೋತ್ಸವ ನಡೆಯುತ್ತದೆ. ದೀಪ, ಹೂವು, ಮಂಟಪ ಎಲ್ಲ ಇರುವ ಆ ತೆಪ್ಪಕ್ಕೂ ಹಾಯಿ ಇಲ್ಲ.

ಹೊಳೆ ದಾಟುವ ಜಾಗದ ಆಯ್ಕೆಯಿಂದ ರಾಜ್ಯಗಳ ಹಣೆಬರಹ ಬದಲಾದದ್ದೂ ಇದೇ ಸೀಮೆಯಲ್ಲಿ. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಕೆಳಗೆ ಅರಕೆರೆಗೆ ಬಂದಾಗ ಕಾವೇರಿ ಏರತೊಡಗಿತ್ತು. ಅಲ್ಲಿ ಹೊಳೆ ಹಾಯಲಾಗಲಿಲ್ಲ. ಕಾಳಗ ಗೆದ್ದರೂ ಮೇವು, ದವಸ ಇಲ್ಲದೆ ಭಾರೀ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಎಂಟು ವರ್ಷದ ಮೇಲೆ ಜನರಲ್ ಹ್ಯಾರಿಸ್ ಬಂದದ್ದು ಮಾರ್ಚಿನಲ್ಲಿ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗ ನಡೆಯಿತು. ಅಲ್ಲಿಂದ ಟಿಪ್ಪು ನಿರೀಕ್ಷಿಸಿದ್ದ ದಾರಿ ಬಿಟ್ಟು ಹ್ಯಾರಿಸ್ ದಕ್ಷಿಣಕ್ಕೆ ತಿರುಗಿ, ನರಸೀಪುರಕ್ಕೆ ಹತ್ತಿರದ ಸೋಸಲೆಯ ಬಳಿ, ಬೇಸಗೆಯ ಇಳಿದ ನೀರಿನಲ್ಲಿ ಇಡೀ ಸೈನ್ಯವನ್ನು ಕಾವೇರಿ ಹಾಯಿಸಿದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಸೋಸಲೆ ಎಂದರೆ ಇವತ್ತು ವ್ಯಾಸರಾಜ ಮಠ ನೆನಪಾಗುತ್ತದೆ. ಈ ಹಾಯುವ ಜಾಗ ಅಷ್ಟಾಗಿ ಯಾರಿಗೂ ನೆನಪಾಗುವುದಿಲ್ಲ. ಆ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಪಾಠವನ್ನು ಚೆನ್ನಾಗಿ ಕಲಿತ. ಮುಂದೆ 1803ರ ಮರಾಠ ದಂಡಯಾತ್ರೆಯಲ್ಲಿ ಹೊಳೆಗಳನ್ನು ದಾಟಲು ಅವನು ಮಾಡಿಸಿದ್ದು ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನೇ.

ದೋಣಿಯ ಬಳಕೆಗೆ ಮೊದಲ ಪೆಟ್ಟು ಕೊಟ್ಟದ್ದು ಸೇತುವೆ. ನಂಜನಗೂಡಿನ ಕಪಿಲೆಯ ಮೇಲಿನ ಕಲ್ಲಿನ ಸೇತುವೆ 1735ರದು, ದಳವಾಯಿ ದೇವರಾಜಯ್ಯನ ಕಾಲದ್ದು. ಉದ್ದ ಸುಮಾರು 225 ಮೀಟರ್. ಗಾಡಿ, ಎತ್ತು, ಆನೆಗಳಿಗಾಗಿ ಕಟ್ಟಿದ ಆ ಸೇತುವೆಯ ಮೇಲೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀಟರ್‌ಗೇಜ್ ಹಳಿ ಹಾಸಿದರು. ಒಂದೇ ಸೇತುವೆಯ ಒಂದು ಪಕ್ಕ ರಸ್ತೆ, ಇನ್ನೊಂದು ಪಕ್ಕ ರೈಲು. 1926ರಲ್ಲಿ ಹಳಿ ಚಾಮರಾಜನಗರ ಮುಟ್ಟಿದ ಮೇಲೂ ರೈಲು ಹೋದದ್ದು ಇದೇ ಕಮಾನುಗಳ ಮೇಲೆ. ಬ್ರಾಡ್‌ಗೇಜ್ ಬಂದಾಗ ಅದಕ್ಕೆ ಪಕ್ಕದಲ್ಲಿ ಹೊಸ ಸೇತುವೆ ಆಯಿತು. ಮುಂಗಾರಿನಲ್ಲಿ ಹದಿನಾರು ಕಾಲು ಮಂಟಪ ಮುಳುಗುವಷ್ಟು ಕಪಿಲೆ ಏರುತ್ತದೆ. 2018, 2019ರಲ್ಲಿ ಮೈಸೂರು ರಸ್ತೆಯ ಮೇಲೇ ನೀರು ಬಂದು ವಾಹನಗಳು ನಿಂತವು. ಅಂಥ ಎಷ್ಟೋ ನೆರೆಗಳನ್ನು ಹಳೆಯ ಸೇತುವೆ ತಡೆದುಕೊಂಡು ನಿಂತಿದೆ.

ಈಗ ಘಟ್ಟ ಇಳಿಯೋಣ. ಪಾಯೆಸ್ ಕಂಡ ರಾಜ್ಯದ ಬೆಟ್ಟಗಳ ಆಚೆ, ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರು ಉದ್ದಕ್ಕೂ ಕತೆ ಬೇರೆ. ಇಲ್ಲಿ ದೋಣಿಗೆ ಮೂತಿ ಇದೆ, ಹಾಯಿ ಇದೆ, ಹೋಗಬೇಕಾದ ದೂರವೂ ಇದೆ. ಹಾಯಿಯ ಕಾಲದಲ್ಲಿ ಈ ಕರಾವಳಿಯ ಸರಕಿನ ಹಡಗು ಪತ್ತೇಮಾರಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮುಂಬಯಿಯ ಸೂರುಗಳಿಗೆ ಕೆಂಪು ಹಂಚು ಹೊತ್ತು ಸಾಗಿಸಿದ ಹಡಗುಗಳಲ್ಲಿ ಪತ್ತೇಮಾರಿಗಳು ಬಹಳ. ಚಿಕ್ಕದು ಮಚ್ವೆ, ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಜಲ್ಲಿ, ತರಕಾರಿ ಒಯ್ಯುವುದು ಮಂಜಿ. ಮಂಜಿಗಳು ಈಗ ಎಂಜಿನ್ನಿನ ಮೇಲೆ ಓಡುತ್ತವೆ.

ಪತ್ತೇಮಾರಿಯ ಹಾಯಿಯ ಏರ್ಪಾಡು ಇವತ್ತಿನ ವಿಹಾರದೋಣಿ ನೋಡಿದವರಿಗೆ ತಲೆಕೆಳಗಾಗಿ ಕಾಣುತ್ತದೆ. ಕೂವೆಕಂಬ ನೆಟ್ಟಗಿರುವುದಿಲ್ಲ, ಮೂತಿಯ ಕಡೆಗೆ ಬಾಗಿರುತ್ತದೆ. ಅದರ ತುದಿಯಿಂದ ಹೆಚ್ಚುಕಡಿಮೆ ಹಡಗಿನಷ್ಟೇ ಉದ್ದದ ಮರವೊಂದು ಓರೆಯಾಗಿ ತೂಗುತ್ತದೆ; ಮುಖ್ಯ ಹಾಯಿ ಕಟ್ಟುವುದು ಅದಕ್ಕೆ. ಮುಂದಕ್ಕೆ ಬಾಗಿದ ಕಂಬವನ್ನು ಹಿಡಿದಿಡುವ ಹಗ್ಗಗಳು ಹಿಂದಕ್ಕೂ ಗಾಳಿ ಬರುವ ಪಕ್ಕಕ್ಕೂ ಬಿಗಿದಿರುತ್ತವೆ. ಮೂತಿಗೆ ಕಟ್ಟಿದ ಸ್ಥಿರವಾದ ಸ್ಟೇ ಇಲ್ಲ. ಇರುವಂತೆಯೂ ಇಲ್ಲ, ಯಾಕೆಂದರೆ ಹಡಗು ದಿಕ್ಕು ಬದಲಿಸುವಾಗ ಆ ಉದ್ದನೆಯ ಮರ ಕಂಬದ ಮುಂದಿನಿಂದಲೇ ಸುತ್ತಿ ಹಾಯಬೇಕು.

ಆ ಕೆಲಸ ನಡೆಯುವ ಬಗೆ ಇದು. ಚುಕ್ಕಾಣಿ ತಿರುಗಿಸಿ ಹಡಗಿನ ಬೆನ್ನಿಗೆ ಗಾಳಿ ಬರುವಂತೆ ಮಾಡುತ್ತಾರೆ. ಹಾಯಿಯ ಹಗ್ಗ ಸಡಿಲಿಸುತ್ತಾರೆ. ಓರೆ ಮರದ ಕೆಳತುದಿಯನ್ನು ಕಂಬದ ಬುಡಕ್ಕೆ ಎಳೆದು ಮರವನ್ನು ಕಂಬಕ್ಕೆ ಒತ್ತಿ ನೆಟ್ಟಗೆ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಒಬ್ಬ ಖಲಾಸಿ ಪಟಪಟ ಹೊಡೆದುಕೊಳ್ಳುವ ಹಾಯಿಯ ಮೂಲೆಯನ್ನು ಹಿಡಿದು ಕಂಬದ ಮುಂದಿನಿಂದ ಸುತ್ತಿ ಇನ್ನೊಂದು ಪಕ್ಕಕ್ಕೆ ತರುತ್ತಾನೆ. ಉಳಿದವರು ಪಕ್ಕದ ಬಿಗಿಹಗ್ಗಗಳನ್ನು ಬಿಚ್ಚಿ, ಈಗ ಗಾಳಿ ಬರುವ ಬದಿಗೆ ಮತ್ತೆ ಬಿಗಿಯುತ್ತಾರೆ. ಆ ಮಧ್ಯದ ಹೊತ್ತಿನಲ್ಲಿ ಕಂಬಕ್ಕೆ ಆಸರೆ ಕಮ್ಮಿ. ಜೋರು ಗಾಳಿಯಲ್ಲಿ ಇದಕ್ಕೆ ಕೈ ಬಹಳ ಬೇಕು, ಧೈರ್ಯವೂ ಬೇಕು.

ಹಾಗಿದ್ದರೂ ಪತ್ತೇಮಾರಿಗೆ ಮುಂದಿನ ಹಾಯಿ ಇತ್ತು. ಮೂತಿಯಿಂದ ಹೊರಚಾಚಿದ ಕೋಲಿಗೆ ಒಂದು ಚಿಕ್ಕ ತ್ರಿಕೋನದ ಜಿಬ್ ಕಟ್ಟುತ್ತಿದ್ದರು. ಓರೆ ಮರದ ದೊಡ್ಡ ಹಾಯಿಯ ಮುಂದೆ ಅದು ಪುಟಾಣಿ. ಆದರೆ ಗಾಳಿಗೆ ಓರೆಯಾಗಿ ಹೋಗುವಾಗ ಮೂತಿಯನ್ನು ಹಿಡಿತದಲ್ಲಿ ಇಡಲು ಅದು ಬೇಕಿತ್ತು. ಕನ್ನಡ ಕರಾವಳಿಯ ಮುಂದಿನ ಹಾಯಿಯ ಚರಿತ್ರೆ ಶುರುವಾಗುವುದು ಈ ಪುಟ್ಟ ಬಟ್ಟೆಯಿಂದ.

ಈ ನಾವಿಕರ ದೊಡ್ಡ ಬುದ್ಧಿ ಬಟ್ಟೆಗಿಂತ ಕಾಲದ ಲೆಕ್ಕದಲ್ಲಿತ್ತು ಎನ್ನುವುದು ನನ್ನ ಅಭಿಪ್ರಾಯ. ಮುಂಗಾರಿನ ತಿಂಗಳುಗಳಲ್ಲಿ ಹಡಗು ದಡ ಸೇರುತ್ತಿತ್ತು; ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಮತ್ತೆ ನೀರಿಗೆ. ಉಳಿದ ಕಾಲದಲ್ಲಿ ಮಧ್ಯಾಹ್ನ ವಾಯವ್ಯದಿಂದ ಕಡಲ ಗಾಳಿ, ರಾತ್ರಿಯಿಂದ ಬೆಳಗಿನವರೆಗೆ ನೆಲದ ಗಾಳಿ. ಮುಂಬಯಿಗೆ ಹೋಗುವ ಹಡಗು ರಾತ್ರಿ ನೆಲದ ಗಾಳಿಯಲ್ಲಿ ಉತ್ತರಕ್ಕೆ ಸರಿದು, ಮಧ್ಯಾಹ್ನ ಎದುರು ಗಾಳಿ ಬಂದಾಗ ಓರೆ ಹಾಯಿಯಲ್ಲಿ ಸಾಧ್ಯವಾದಷ್ಟು ಮುಂದಾಗುತ್ತಿತ್ತು ಅಥವಾ ಲಂಗರು ಹಾಕುತ್ತಿತ್ತು. ಬರುವಾಗ ಅದೇ ವಾಯವ್ಯದ ಗಾಳಿ ಬೆನ್ನಿಗೆ. ಗಾಳಿಗೆ ಎದುರಾಗಿ ಗಂಟೆಗಟ್ಟಲೆ ಹೆಣಗಬೇಕಾದ ಅಗತ್ಯ ಕಮ್ಮಿ ಇದ್ದದ್ದರಿಂದ ಮೂತಿಯ ಸ್ಟೇ ಇಲ್ಲದಿರುವುದು ಕೊರತೆ ಎನಿಸಲಿಲ್ಲ.

ಸ್ಟೇ ಕೊರತೆ ಎನಿಸುವುದು ಎದುರು ಗಾಳಿಗೆ ಮುಖ ಕೊಡಬೇಕಾದ ದೋಣಿಗೆ. ಯುರೋಪಿನಲ್ಲಿ ಬೆಳೆದ ಸ್ಲೂಪ್ ಮಾದರಿಯಲ್ಲಿ ಕಂಬ ನೆಟ್ಟಗೆ ಇರುತ್ತದೆ. ತುದಿಯಿಂದ ಮೂತಿಗೆ ಫೋರ್‌ಸ್ಟೇ, ಹಿಂದಕ್ಕೆ ಬ್ಯಾಕ್‌ಸ್ಟೇ, ಪಕ್ಕಗಳಿಗೆ ಶ್ರೌಡ್‌ಗಳು. ಮುಂದಿನ ಹಾಯಿಯ ಮುಂದಿನ ಅಂಚು ಫೋರ್‌ಸ್ಟೇಯ ಮೇಲೆ ನಿಲ್ಲುತ್ತದೆ. ಆ ತಂತಿ ಎಷ್ಟು ಬಿಗಿಯಾಗಿದ್ದರೆ ಹಾಯಿ ಗಾಳಿಗೆ ಅಷ್ಟು ಹತ್ತಿರ ನಿಲ್ಲುತ್ತದೆ. ತಂತಿ ಜೋತರೆ ಹಾಯಿ ಹೊಟ್ಟೆ ಬಿಟ್ಟು ದೋಣಿ ಪಕ್ಕಕ್ಕೆ ಜಾರುತ್ತದೆ. 1926ರಲ್ಲಿ ಸ್ವೀಡನ್ನಿನ ಸ್ವೆನ್ ಸಾಲೆನ್ ಇಟಲಿಯ ಜೆನೋವಾದ ಪಂದ್ಯದಲ್ಲಿ ಕಂಬದ ಹಿಂದಕ್ಕೂ ಚಾಚುವಷ್ಟು ದೊಡ್ಡ ಮುಂಹಾಯಿ ಬಳಸಿದ. ಆ ಊರಿನ ಹೆಸರೇ ಅದಕ್ಕೆ ನಿಂತಿತು. ಅಲ್ಲಿಂದ ಮುಂದೆ ಎಷ್ಟೋ ದೋಣಿಗಳಲ್ಲಿ ಎಳೆಯುವ ಹಾಯಿ ಎಂದರೆ ಮುಂದಿನದೇ ಆಯಿತು.

ದೊಡ್ಡ ಜೆನೋವಾದ ತೊಂದರೆ ಗಾಳಿ ಏರಿದಾಗ. ಮೊದಲಾದರೆ ಮೂತಿಗೆ ಹೋಗಿ ಅದನ್ನು ಇಳಿಸಿ ಚಿಕ್ಕದನ್ನು ಏರಿಸಬೇಕಿತ್ತು, ಅದೂ ತೆರೆ ಮೈಮೇಲೆ ಹೊಡೆಯುತ್ತಿರುವಾಗ. ಸ್ಟೇಯ ಸುತ್ತಲೇ ಹಾಯಿಯನ್ನು ಚಾಪೆ ಸುತ್ತುವಂತೆ ಸುತ್ತಿಡುವ ರೋಲರ್ ಫರ್ಲಿಂಗ್ ಬಂದ ಮೇಲೆ ಹಿಂದೆ ಕೂತೇ ಹಗ್ಗ ಎಳೆದು ಹಾಯಿ ಕಿರಿದು ಮಾಡಬಹುದಾಯಿತು. ಆದರೆ ಅರ್ಧ ಸುತ್ತಿದ ಜೆನೋವಾಕ್ಕೆ ಆಕಾರ ಕೆಟ್ಟಿರುತ್ತದೆ, ಎದುರು ಗಾಳಿಗೆ ಅದು ಚೆನ್ನಾಗಿ ಎಳೆಯುವುದಿಲ್ಲ. ಅದಕ್ಕೆ ದೂರ ಹೋಗುವವರು ಹಳೆಯ ಕಟರ್ ಮಾದರಿಯನ್ನು ಮತ್ತೆ ಹಿಡಿದರು. ಫೋರ್‌ಸ್ಟೇಯ ಒಳಗೆ, ಕಂಬಕ್ಕೆ ಹತ್ತಿರ ಇನ್ನೊಂದು ಸ್ಟೇ. ಅದರ ಮೇಲೆ ಚಿಕ್ಕ ಸ್ಟೇಸೈಲ್. ಬಿರುಗಾಳಿಯಲ್ಲಿ ಹೊರಗಿನದನ್ನು ಪೂರ್ತಿ ಸುತ್ತಿ ಒಳಗಿನದೊಂದನ್ನೇ ಇಟ್ಟುಕೊಳ್ಳಬಹುದು, ಎಳೆತವೂ ದೋಣಿಯ ನಡುವಿಗೆ ಸರಿಯುತ್ತದೆ. ನಷ್ಟ ಏನೆಂದರೆ ದಿಕ್ಕು ಬದಲಿಸುವಾಗ ದೊಡ್ಡ ಹಾಯಿ ಎರಡು ತಂತಿಗಳ ಸಂದಿನಲ್ಲಿ ನುಸುಳಿ ಹೋಗಬೇಕು, ಸಿಕ್ಕಿಕೊಳ್ಳುತ್ತದೆ. ಒಳಗಿನ ಸ್ಟೇಯನ್ನು ಬಿಚ್ಚಿ ಕಂಬದ ಪಕ್ಕ ಕಟ್ಟಿಡುವ ಉಪಾಯ ಬಂದದ್ದು ಇದಕ್ಕಾಗಿ. ಒಳ ಸ್ಟೇ ಕಂಬದ ಎಲ್ಲಿಗೆ ತಗುಲುತ್ತದೋ ಅಲ್ಲಿ ಕಂಬ ಮುಂದಕ್ಕೆ ಬಾಗದಂತೆ ಹಿಂದಿನಿಂದ ಹಿಡಿಯುವ ಹಗ್ಗವೂ ಬೇಕಾಗುತ್ತದೆ. ಹೀಗೆ ಒಂದು ಹಗ್ಗ ಸೇರಿಸಿದರೆ ಅದರ ಹಿಂದೆ ಇನ್ನೆರಡು ಬರುತ್ತವೆ.

ನಮ್ಮ ಕಡೆ ಈ ವಿದ್ಯೆಗೆ ದೊಡ್ಡ ಪರೀಕ್ಷೆ ನಡೆದದ್ದು ಒಂದು ಕನ್ನಡ ಹೊಳೆಯ ಹೆಸರು ಹೊತ್ತ ದೋಣಿಯಲ್ಲಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಗೋವಾದಲ್ಲಿ ಮಾಂಡೋವಿಯಾಗಿ ಕಡಲು ಸೇರುತ್ತದೆ. ಗೋವಾದ ದಿವಾಡಿ ದ್ವೀಪದ ಅಕ್ವೇರಿಯಸ್ ಯಾರ್ಡಿನಲ್ಲಿ ಕಟ್ಟಿ 2009ರಲ್ಲಿ ನೌಕಾಪಡೆ ಸೇರಿದ ಸ್ಲೂಪಿಗೆ ಇಟ್ಟ ಹೆಸರು ಐಎನ್ಎಸ್‌ವಿ ಮಾದೇಯಿ. ಅದರಲ್ಲಿ 2009–10ರಲ್ಲಿ ಕಮಾಂಡರ್ ದಿಲೀಪ್ ದೋಂಡೆ ಒಬ್ಬರೇ ಭೂಮಿ ಸುತ್ತಿ ಬಂದರು. 2012–13ರಲ್ಲಿ ಅಭಿಲಾಷ್ ಟಾಮಿ ಎಲ್ಲಿಯೂ ನಿಲ್ಲದೆ ಸುತ್ತಿದರು. ಅದೇ ಯಾರ್ಡಿನ ತಾರಿಣಿ 2017ರಲ್ಲಿ ಬಂತು: 56 ಅಡಿ ಉದ್ದ, 25 ಮೀಟರ್ ಎತ್ತರದ ಕಂಬ. ಮುಂಹಾಯಿ, ಸ್ಟೇಸೈಲ್, ಬೆನ್ನಗಾಳಿಯ ಹಾಯಿ, ಬಿರುಗಾಳಿಯ ಹಾಯಿ ಸೇರಿ ಆರು ಹಾಯಿಗಳು. ಆರು ಮಂದಿ ನೌಕಾಪಡೆಯ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಿಂದ 2018ರ ಮೇವರೆಗೆ ಅದರಲ್ಲಿ ಭೂಪ್ರದಕ್ಷಿಣೆ ಮಾಡಿದರು. ದಕ್ಷಿಣ ಸಾಗರದ ಗಾಳಿಗೆ ಒಂದೇ ಮುಂಹಾಯಿ ಸಾಲದೆಂಬುದು ಆ ಹಾಯಿಗಳ ಪಟ್ಟಿಯಲ್ಲೇ ಕಾಣುತ್ತದೆ.

ಬಿಗಿಹಗ್ಗಗಳಿದ್ದೂ ಕಂಬ ಬೀಳುತ್ತದೆ. ಒಬ್ಬರೇ ನಿಲ್ಲದೆ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಟಾಮಿ ಹೊರಟದ್ದು ತುರೀಯಾ ಎಂಬ ಚಿಕ್ಕ ದೋಣಿಯಲ್ಲಿ. ಇದು ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರಲ್ಲಿ ಒಬ್ಬನೇ ಭೂಮಿ ಸುತ್ತಿದ, ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ಸುಹೈಲಿಯ ಪ್ರತಿರೂಪ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅದು ಮಗುಚಿಕೊಂಡು ಕಂಬ ಮುರಿಯಿತು, ಟಾಮಿಯವರ ಬೆನ್ನಿಗೆ ತೀವ್ರ ಪೆಟ್ಟಾಯಿತು. ಅದೇ ಪಂದ್ಯದ ಮುಂದಿನ ಸುತ್ತಿನಲ್ಲಿ ಬೇರೆ ದೋಣಿಯಲ್ಲಿ ಹೋಗಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು.

ಮಂಗಳೂರಿನಿಂದ ಕಾರವಾರಕ್ಕೆ ಅಕ್ಟೋಬರಿನಿಂದ ಮೇ ನಡುವೆ ದೋಣಿಯಲ್ಲಿ ವಿಹಾರ ಹೋಗುವವರಿಗೆ ಇಷ್ಟೊಂದು ಹಾಯಿ, ಹಗ್ಗ ಬೇಕೇ? ನನಗೆ ಹಾಗನಿಸುವುದಿಲ್ಲ. ಬೆಳಗಿನ ಹಗುರ ಗಾಳಿಗೆ ಎಳೆಯುವ ದೊಡ್ಡ ಜೆನೋವಾ ಒಂದು, ಅದನ್ನು ಸುತ್ತಿಡುವ ಫರ್ಲರ್, ಏಪ್ರಿಲ್ ಮೇ ತಿಂಗಳ ಸಂಜೆಯ ಗುಡುಗು ಗಾಳಿಗೆ ಬಿಚ್ಚಿ ಕಟ್ಟಬಹುದಾದ ಒಳ ಸ್ಟೇ ಮತ್ತು ಚಿಕ್ಕ ಹಾಯಿ, ಇಷ್ಟು ಸಾಕು. ಭೂಮಿ ಸುತ್ತುವವರ ಏರ್ಪಾಡನ್ನು ಬಂದರಿನ ವಿಹಾರಕ್ಕೆ ತಂದು ಹೇರಿದರೆ ಹಣವೂ ದಂಡ, ದಿಕ್ಕು ಬದಲಿಸಿದಾಗಲೆಲ್ಲ ಕಿರಿಕಿರಿ.

ಒಳನಾಡಿಗೂ ಹಾಯಿ ಬಂದಿದೆ, ಬಹಳ ತಡವಾಗಿ, ಹೊಳೆ ಕೆರೆಯಾದ ಮೇಲೆ. ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ (ಕೆಆರ್‌ಎಸ್) ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ಹಿಡಿಯಿತು. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಅಣೆಕಟ್ಟುಗಳ ಹಿಂದೆ ನಿಂತ ನೀರಿಗೆ ಸೆಳವಿಲ್ಲ, ಆಳ ಇದೆ, ಬಯಲ ಗಾಳಿ ಇದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ (ಎಂಇಜಿ) ಸೈನಿಕರು ಬಹುಕಾಲದಿಂದ ಹಾಯಿದೋಣಿ ಓಡಿಸುತ್ತಿದ್ದಾರೆ. ಈಚಿನ ವರ್ಷಗಳಲ್ಲಿ ಕೆಆರ್‌ಎಸ್ ಹಿನ್ನೀರಿನಲ್ಲೂ ಹಾಯಿ ಕಲಿಸುವ ಕೆಲಸ ಶುರುವಾಗಿದೆ. ಅಲ್ಲಿ ಮಕ್ಕಳು ಮೊದಲು ಹತ್ತುವ ಆಪ್ಟಿಮಿಸ್ಟ್ ಎಂಬ 2.3 ಮೀಟರ್ ದೋಣಿಗೆ ಮುಂಹಾಯಿಯೂ ಇಲ್ಲ, ಸ್ಟೇಯೂ ಇಲ್ಲ. ಕಂಬವನ್ನು ತೂತಿನಲ್ಲಿ ಇಳಿಸಿದರೆ ತನ್ನಷ್ಟಕ್ಕೆ ನಿಲ್ಲುತ್ತದೆ. ಒಬ್ಬರೇ ನಡೆಸುವ ಲೇಸರ್ ದೋಣಿಯೂ ಹಾಗೆಯೇ. ಜಿಬ್ಬು, ಫೋರ್‌ಸ್ಟೇ ಕೈಗೆ ಸಿಗುವುದು ಇಬ್ಬರು ಕೂರುವ 420ಕ್ಕೆ ಏರಿದಾಗ.

ಅಣೆಕಟ್ಟಿನ ಕೆಳಗೆ, ನಂಜನಗೂಡು ನರಸೀಪುರಗಳ ಹೊಳೆಯಲ್ಲಿ, ಹರಿಗೋಲು ಇನ್ನೂ ಇದೆ. ಊರೂರಿಗೆ ಸೇತುವೆ ಆದ ಮೇಲೆ ಕಡವಿನ ಕೆಲಸ ತಪ್ಪಿತು. ಮೀನಿನ ಬಲೆ ಬಿಡಲು, ಆಚೆ ದಡದ ಹುಲ್ಲು ತರಲು, ತಲಕಾಡಿಗೆ ಬಂದ ಯಾತ್ರಿಕರನ್ನು ಸುತ್ತಾಡಿಸಲು ಅದು ಬೇಕು. ಕದ್ದು ಮರಳು ಎತ್ತುವವರಿಗೂ ಬೇಕಾಗಿದೆ, ಅದು ಬೇರೆ ಮಾತು. ನೀರು ಈಗ ಮೋಡ ನೋಡಿ ಏರುವುದಿಲ್ಲ. ಗೇಟು ತೆರೆದಾಗ ಏರುತ್ತದೆ. ಹಾಗಾಗಿ ಅಂಬಿಗ ದಡದ ಗುರುತು ನೋಡುವುದರ ಜೊತೆಗೆ ಎಷ್ಟು ಕ್ಯೂಸೆಕ್ ಬಿಟ್ಟರೆಂದು ಫೋನಿನಲ್ಲಿ ವಿಚಾರಿಸಿಕೊಳ್ಳಬೇಕು. ಪ್ರವಾಸಿ ತಾಣಗಳಲ್ಲಿ ಫೈಬರ್ ಹರಿಗೋಲು ಬಂದಿದೆ. ಸೋರುವುದಿಲ್ಲ, ವರ್ಷ ವರ್ಷ ಡಾಂಬರು ಬಳಿಯಬೇಕಿಲ್ಲ. ಆದರೆ ಬಿದಿರಿನದಕ್ಕಿಂತ ಭಾರ, ಬಂಡೆಗೆ ಬಾಗುವುದಿಲ್ಲ, ಸೀಳು ಬಿಟ್ಟರೆ ತೇಪೆಗೆ ಪೇಟೆಯಿಂದ ರಾಳ ತರಿಸಬೇಕು. ಬಿದಿರಿನದಾದರೆ ದಡದಲ್ಲೇ ಮಗುಚಿ ಹಾಕಿ, ಚೀಲದ ತುಂಡಿಟ್ಟು, ಡಾಂಬರು ಕಾಯಿಸಿ ಸುರಿದರೆ ಮರುದಿನ ಬೆಳಿಗ್ಗೆ ಬಲೆ ಬಿಡಲು ಸಿದ್ಧ. ಕಲ್ಲಿರುವ ಹೊಳೆಗೆ ನನ್ನ ಮತ ಇನ್ನೂ ಬಿದಿರಿಗೇ.